ಎಂಬತ್ತೆಂಟನೇ ಪುಟದಲ್ಲಿ ಸತ್ತವನು

“ಅಲ್ಲಾರೀ, ಈ ಖಜಾಂಚಿ ಎಂಬತ್ತೆಂಟನೇ ಪುಟದಲ್ಲೇ ಜ್ವರ ಬಂದು ಸತ್ತುಹೋದ. ಮತ್ತೆ ಮುನ್ನೂರೊಂದನೇ ಪುಟದಲ್ಲಿ ಬಂದು, ಕೊಲೆ ಮಾಡಿದ್ದು ನಾನೇ ಅಂತ ಹೇಗೆ ಒಪ್ಕೋತಾನೆ?” ಎಂದು ಹೆಂಡತಿ ಕೇಳಿದಾಗ ಅವನು ಬಾಗಿಲ ಬಳಿ ಕುಕ್ಕರುಗಾಲಿನಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದ. ‘ನೋಡ್ತೀನಿ ಬಿಡು’ ಎಂದು ಎದ್ದು ಹೋಗಿದ್ದರೆ ಆ ದಿನವೂ ಉಳಿದ ದಿನಗಳಂತೆ ಕಳೆದುಹೋಗುತ್ತಿತ್ತೇನೋ. ಆದರೆ ಅವನು ತಲೆಯೆತ್ತಿ, “ಯಾವ ಖಜಾಂಚಿ?” ಎಂದುಬಿಟ್ಟ. ಹೆಂಡತಿ ಕೈಯಲ್ಲಿದ್ದ ಹಾಳೆಗಳನ್ನು ಮಡಿಲಿಗೆ ಇಳಿಸಿ ಅವನನ್ನೇ ನೋಡಿದಳು. ಅವು ಅವಳ ಸ್ವಂತ ಅಣ್ಣ, ಅಂದರೆ ಅವನ ಭಾವ, ಬರೆದ ಕಾದಂಬರಿಯ ಕರಡು ಹಾಳೆಗಳು. ಐದು ತಿಂಗಳಿಂದ ಅವನೇ ಪ್ರೆಸ್ಸಿನಿಂದ ಹೊತ್ತು ತಂದು, ಊಟದ ಮೇಜಿನ ಮೇಲೆ ಹರಡಿ, ಕೆಂಪು ಪೆನ್ನು ಹಿಡಿದು ತಿದ್ದಿ, ಒಂದೊಂದರ ಮೂಲೆಯಲ್ಲೂ ‘ಮುದ್ರಿಸಬಹುದು’ ಎಂದು ಬರೆದು ಸಹಿ ಹಾಕಿದ ಹಾಳೆಗಳು. “ಯಾವ ಖಜಾಂಚಿ ಅಂದ್ರೆ?” ಎಂದಳು. “ಇಡೀ ಪುಸ್ತಕದಲ್ಲಿ ಇರೋದೇ ಒಬ್ಬ ಖಜಾಂಚಿ.” ಅವನು “ಓ, ಅವನಾ” ಎಂದ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಆ ‘ಓ, ಅವನಾ’ ಎಷ್ಟು ಟೊಳ್ಳು ಅಂತ ಗೊತ್ತಾಗದೆ ಇರುತ್ತದೆಯೇ? “ನೀವು ಇದನ್ನ ಓದೇ ಇಲ್ಲ ಅಲ್ವಾ?” ಎಂದಳು. ಓದದೆ ಹೇಗೆ ತಿದ್ದುವುದು, ಓದಿದ್ದೇನೆ, ಒಂದು ಅಕ್ಷರ ಬಿಡದೆ ಓದಿದ್ದೇನೆ ಎಂದು ಅವನು ಬೂಟಿನ ಕಡೆಗೆ ತಿರುಗಿ ಹೇಳಿದ. ಆಮೇಲೆ, ಹೇಳಬಾರದೆಂದು ಹಲ್ಲು ಕಚ್ಚಿಕೊಂಡಿದ್ದರೂ, “ಹಿಂದಿನಿಂದ ಓದಿದೀನಿ” ಎಂದೂ ಸೇರಿಸಿದ.

ಪುಟದ ಕೊನೆಯ ಸಾಲಿನ ಕೊನೆಯ ಪದದಿಂದ ಶುರುಮಾಡಿ, ಒಂದೊಂದೇ ಪದವನ್ನು ಎತ್ತಿ ನೋಡುತ್ತಾ, ಮೇಲಿನ ಸಾಲಿಗೆ, ಅದರ ಮೇಲಿನ ಸಾಲಿಗೆ ಹತ್ತುತ್ತಾ, ಮೊದಲ ಪದಕ್ಕೆ ಹೋಗಿ ನಿಲ್ಲುವುದು. ಹಾಗೆ ಹೋದರೆ ಪದಗಳು ಒಂದನ್ನೊಂದು ಗುರುತಿಸುವುದಿಲ್ಲ, ಕಥೆ ಹುಟ್ಟುವುದಿಲ್ಲ, ಕಣ್ಣು ಯಾವುದಕ್ಕೂ ಮರುಳಾಗುವುದಿಲ್ಲ. ಇಪ್ಪತ್ತಾರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವರ್ಷ, ಅವನೂ ಎಲ್ಲರಂತೆ ಮುಂದಿನಿಂದಲೇ ಓದುತ್ತಿದ್ದ. ಯಾವುದೋ ಒಂದು ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ತಾಯಿಯೊಬ್ಬಳು ಮಗಳನ್ನು ಬೀಳ್ಕೊಡುತ್ತಾಳೆ. ಅವನು ಕೂತಲ್ಲೇ ಗಳಗಳ ಅತ್ತ, ಅತ್ತು ಮುಖ ತೊಳೆದು ಬಂದು ಸಹಿ ಹಾಕಿದ. ಪುಸ್ತಕ ಹೊರಬಂದಾಗ ಮುಖಪುಟದಲ್ಲಿ ಲೇಖಕರ ಹೆಸರೇ ಅರ್ಧ ಇರಲಿಲ್ಲ. ಆ ಲೇಖಕರು ಪ್ರೆಸ್ಸಿಗೆ ಬಂದು, ಎಲ್ಲರೆದುರಿಗೆ, ಪುಸ್ತಕವನ್ನು ಅವನ ಎದೆಗೆ ಎಸೆದು, “ಕಣ್ಣು ಎಲ್ಲಿಟ್ಟಿದ್ದೆ?” ಎಂದರು. ಕಣ್ಣನ್ನು ಕಣ್ಣೀರಿನಲ್ಲಿ ಇಟ್ಟಿದ್ದೆ ಎಂದು ಹೇಳಲಾಗುತ್ತದೆಯೇ? ಅವತ್ತಿನಿಂದ ಹಿಂದಿನಿಂದ. ಅವತ್ತಿನಿಂದ ಒಂದು ತಪ್ಪು ಬಿಟ್ಟಿಲ್ಲ. ಪ್ರೆಸ್ಸಿನವರು ಅವನನ್ನು ‘ಹದ್ದು’ ಎಂದು ಕರೆಯುತ್ತಾರೆ, ದಪ್ಪ ಗಾಜಿನ ಕನ್ನಡಕ, ಕಡ್ಡಿಯಂಥ ಕತ್ತು ಇದ್ದರೂ ಹದ್ದು. ಆ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಎಷ್ಟು ಹೆಮ್ಮೆ ಎಂದರೆ, ಯಾರಾದರೂ ನಿಜವಾದ ಹೆಸರಿನಿಂದ ಕರೆದರೆ ಕೊಂಚ ಬೇಜಾರಾಗುತ್ತದೆ.

“ಅಂದ್ರೆ ಇಷ್ಟು ವರ್ಷ ಈ ಮನೆಗೆ ಬಂದ ಪುಸ್ತಕಗಳಲ್ಲಿ…” ಎಂದಳು ಹೆಂಡತಿ. “ಒಂದರಲ್ಲೂ ಏನಿದೆ ಅಂತ ಗೊತ್ತಿಲ್ಲ” ಎಂದ. ಅವಳು ನಗುತ್ತಾಳೆ ಅಂದುಕೊಂಡ; ನಗಲಿಲ್ಲ. “ಮದುವೆಗೆ ಮುಂಚೆ ನಾನು ಬರೆದ ಕಾಗದಗಳನ್ನೂ ಹಾಗೇ ಓದಿದ್ರಾ?” ಎಂದು ಕೇಳಿದಳು. ಅವು ಮೂರು ಕಾಗದ. ಎರಡನೆಯದರಲ್ಲಿ ಒಂದು ಕಡೆ ಅಭ್ಯಾಸಬಲದಿಂದ ಪೆನ್ಸಿಲಿನಲ್ಲಿ ಒಂದು ಕೊಂಬು ಸೇರಿಸಿ, ಮದುವೆಯಾದ ಮೇಲೆ ಸಿಕ್ಕಿಬಿದ್ದು, ವಾರಗಟ್ಟಲೆ ಮಾತು ಕೇಳಿಸಿಕೊಂಡಿದ್ದ. ಆದರೆ ಅವನ್ನು ಅವನು ಮುಂದಿನಿಂದ ಓದಿದ್ದ, ಮೂವತ್ತು ನಲವತ್ತು ಸಲ, ಬಾಯಿಪಾಠವಾಗುವವರೆಗೆ ಓದಿದ್ದ. ಅದನ್ನು ಹೇಳಲು ಬಾಯಿ ತೆರೆದರೆ ನಾಚಿಕೆಯಾಯಿತು, ಈ ವಯಸ್ಸಿನಲ್ಲಿ ಎಂಥ ನಾಚಿಕೆಯೋ. ಬದಲಿಗೆ, “ನೀನಾದ್ರೂ ಪೂರ್ತಿ ಓದಿದ್ಯಾ?” ಎಂದು ತಿರುಗಿಬಿದ್ದ. “ನಾನ್ಯಾಕೆ ಪೂರ್ತಿ ಓದ್ಲಿ? ಅಣ್ಣ ಬರೆದ ಅಂತ ಹಿಡ್ಕೊಂಡೆ. ಆ ಖಜಾಂಚಿ ಹೆಣದ ಪೆಟ್ಟಿಗೆ ಹೊರೋದಕ್ಕೇ ಮೂರು ಪುಟ, ಯಾವ ಹೆಗಲಿಗೆ ಎಷ್ಟು ಭಾರ ಅಂತ! ಅದನ್ನೂ ಸಹಿಸ್ಕೊಂಡೆ. ಆಮೇಲೆ ಒಂದು ಕನ್ನಡಿ ಬಾಯಿ ಬಿಟ್ಟು ಮಾತಾಡೋಕೆ ಶುರು ಮಾಡ್ತು. ಅಲ್ಲಿಂದ ನೆಟ್ಟಗೆ ಕೊನೆಗೆ ಹೋದೆ. ಕೊಂದೋನು ಯಾರು ಅಂತ ಗೊತ್ತಾದ್ರೆ ಸಾಕಾಗಿತ್ತು ನಂಗೆ.” ಅವನು ಹಾಳೆಗಳನ್ನು ಕಸಿದು ಚೀಲಕ್ಕೆ ತುರುಕಿ, ತಿಂಡಿಯನ್ನೂ ಬಿಟ್ಟು ಹೊರಟ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದರೂ ಹೊರಗೆ ನೋಡುವ ಮನಸ್ಸಾಗಲಿಲ್ಲ. ಪುಸ್ತಕ ಮುನ್ನೂರ ನಾಲ್ಕು ಪುಟ. ಹದಿನಾರು ಪುಟಕ್ಕೆ ಒಂದು ಫಾರಂ ಎಂದು ಹತ್ತೊಂಬತ್ತು ಫಾರಂ. ಅದರಲ್ಲಿ ಹದಿನೆಂಟು ಅಚ್ಚಾಗಿ, ಮಡಚಿ, ಗೋಡೆಗೆ ಒರಗಿ ನಿಂತಿವೆ. ಖಜಾಂಚಿ ಸತ್ತ ಆರನೇ ಫಾರಂ ಅಚ್ಚಾಗಿಯೇ ಮೂರು ತಿಂಗಳಾಯಿತು, ಅವನನ್ನು ಬದುಕಿಸಲು ಇನ್ನು ಯಾವ ವೈದ್ಯನಿಂದಲೂ ಆಗುವುದಿಲ್ಲ. ಉಳಿದಿರುವುದು ಕೊನೆಯ ಫಾರಂ ಒಂದೇ. ಅದು ಇವತ್ತು ಸಂಜೆ ನಾಲ್ಕಕ್ಕೆ ಮಿಷನ್ನಿಗೆ ಏರಬೇಕು, ಭಾನುವಾರ ಬಿಡುಗಡೆ, ನೆಂಟರಿಷ್ಟರಿಗೆಲ್ಲ ಹೇಳಿಯಾಗಿದೆ. ಅದೆಲ್ಲ ಹಾಳಾಗಲಿ. ಮೊದಲ ಫಾರಂನಲ್ಲಿ, ಪುಸ್ತಕದ ಹೆಸರಿರುವ ಪುಟದ ಬೆನ್ನಿಗೆ, ‘ಕರಡು ತಿದ್ದಿದವರು’ ಎಂದು ಅವನ ಹೆಸರಿದೆ. ಇಪ್ಪತ್ತಾರು ವರ್ಷದಲ್ಲಿ, ಅವನ ಕೈಯಿಂದ ಹಾದುಹೋದ ಅಷ್ಟೂ ಪುಸ್ತಕಗಳಲ್ಲಿ, ಯಾರೂ ಹಾಕದ ಹೆಸರು. “ಹಾಕಲೇಬೇಕು, ನೀನಿಲ್ಲದೆ ಈ ಪುಸ್ತಕ ಇಲ್ಲ” ಎಂದು ಭಾವ ಹಟ ಹಿಡಿದು ಹಾಕಿಸಿದ್ದರು. ಆ ಫಾರಂ ಅಚ್ಚಾದ ದಿನ ಅವನು ಒಂದು ಪ್ರತಿಯನ್ನು ಕದ್ದು ಮನೆಗೆ ತಂದು, ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಟ್ಟುಕೊಂಡಿದ್ದಾನೆ. ಈಗ ಭಾನುವಾರ ಊರವರೆಲ್ಲ ಸತ್ತವನು ಎದ್ದು ಬಂದು ತಪ್ಪೊಪ್ಪಿಕೊಳ್ಳುವುದನ್ನು ಓದಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ, ಆಮೇಲೆ ಪುಟ ಹಿಂದೆ ತಿರುಗಿಸಿ ಈ ಮಹಾನುಭಾವ ಯಾರಪ್ಪಾ ಎಂದು ಹುಡುಕುತ್ತಾರೆ. ಎದೆಗೆ ಬಂದು ಬಡಿದ ಆ ಹಳೆಯ ಪುಸ್ತಕದ ಮೂಲೆ ಅವನಿಗೆ ಮತ್ತೆ ಚುಚ್ಚಿತು. ಪಕ್ಕದಲ್ಲಿದ್ದ ಹೆಂಗಸು, “ಮೈ ಹುಷಾರಿಲ್ವಾ?” ಎಂದು ಕೇಳಿ ಸ್ವಲ್ಪ ಸರಿದು ಕೂತಳು.

ಭಾವನಿಗೆ ಫೋನು ಮಾಡಿ ಹೇಳಿಬಿಡಬಹುದಿತ್ತು. ಆದರೆ ಭಾವ ಎಂಥವರು! ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು, ಅವನಿಗಿಂತ ಹನ್ನೆರಡು ವರ್ಷ ದೊಡ್ಡವರು. ಮಾರುಕಟ್ಟೆಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವಂತೆ. ತಂಗಿಯ ಮನೆಗೆ ಬಂದರೂ ಔಷಧದ ಚಮಚ ಎತ್ತಿ ನೋಡಿ, “ಇದು ಐದು ಮಿಲಿ ಅಲ್ಲ” ಎನ್ನುವವರು. ಅಂಥವರು ಹನ್ನೊಂದು ವರ್ಷ ಕೂತು ಕಾದಂಬರಿ ಬರೆದರು. ಹಳೆಯ ಕಾಲದ ಒಂದು ರಾಜ್ಯ, ಅದರಲ್ಲಿ ರಾಜನ ತಕ್ಕಡಿಯವನ ಕೊಲೆ, ಅದರೊಳಗೆ ಮಾಯಾ ಮಂತ್ರ, ಹಾರುವ ಕುದುರೆ, ಯುದ್ಧ ಬೇರೆ. ಚರಿತ್ರೆಯೂ ಬೇಕು, ಮಾಯೆಯೂ ಬೇಕು, ಪತ್ತೇದಾರಿಯೂ ಬೇಕು ಎಂದು ಮೂರನ್ನೂ ಒಂದೇ ಪಾತ್ರೆಗೆ ಸುರಿದಿದ್ದರು. ರಾಣಿಯ ಉಂಗುರದಿಂದ ಹಿಡಿದು ಸೇನಾಪತಿಯ ಗುರಾಣಿಯವರೆಗೆ ಪ್ರತಿಯೊಂದಕ್ಕೂ ತೂಕ ಕೊಟ್ಟಿದ್ದರು. ಕುದುರೆ ಹಾರುವಾಗ ಎಷ್ಟು ಹಗುರಾಯಿತು ಎಂಬುದಕ್ಕೂ ಲೆಕ್ಕ. ಹಸ್ತಪ್ರತಿಯನ್ನು ಅವನ ಕೈಗಿಟ್ಟ ದಿನ ಅವರ ಕೈ ಅದನ್ನು ಎರಡು ಸಲ ಹಿಂದಕ್ಕೆ ಎಳೆದುಕೊಂಡಿತ್ತು. ಅದನ್ನು ನೋಡಿ ಅವನಿಗೆ ಗಾಬರಿಯಾಗಿತ್ತು. ಆ ಕೈ ಹಿಂಜರಿಯಬಹುದು ಎಂದು ಅವನು ಯಾವತ್ತೂ ಅಂದುಕೊಂಡಿರಲಿಲ್ಲ. ಆಮೇಲೆ ಪ್ರತಿ ಭಾನುವಾರವೂ ಬಂದು ಕುರ್ಚಿಯ ತುದಿಯಲ್ಲಿ ಕೂತು, “ಎಲ್ಲಿವರೆಗೆ ಬಂತು?” ಎನ್ನುವರು. ಇವನು, “ಒಂದು ಅಕ್ಷರ ತಪ್ಪಿಲ್ಲ ಭಾವ” ಎನ್ನುವನು. ಅವರು ಇನ್ನೂ ಏನೋ ಕೇಳುವವರಂತೆ ಸ್ವಲ್ಪ ಹೊತ್ತು ಕೂತಿದ್ದು, ಟೀ ಕುಡಿದು, ಅವನು ಕೊಟ್ಟ ಹಾಳೆಗಳಿಗೆ ಓದದೆ ಸಹಿ ಹಾಕಿ ಹೋಗುವರು. “ನೀನು ನೋಡಿದೀಯಲ್ಲ, ಮತ್ತೆ ನಾನೇನು ನೋಡೋದು” ಎನ್ನುವರು.

ಪ್ರೆಸ್ಸಿನಲ್ಲಿ ಶಾಯಿಯ ವಾಸನೆ, ಕತ್ತರಿಸಿದ ಕಾಗದದ ಅಂಚುಗಳ ರಾಶಿ, ಎರಡು ಕೊಳವೆ ದೀಪಗಳಲ್ಲಿ ಒಂದು ಎಂದಿನಂತೆ ಮಿಣಕುತ್ತಿತ್ತು. ಎರಡು ದಿನದ ಹಿಂದೆ ತಾನೇ ಸಹಿ ಹಾಕಿದ್ದ ಕೊನೆಯ ಫಾರಂನ ಇನ್ನೊಂದು ಪ್ರತಿ ಮೇಜಿನ ಮೇಲೆ ಲೇಖಕರ ಸಹಿಗೆ ಕಾಯುತ್ತಾ ಬಿದ್ದಿತ್ತು. ಅಕ್ಷರ ಜೋಡಿಸುವ ಅಕ್ಕ ಕಂಪ್ಯೂಟರಿನ ಮುಂದೆ ಕೂತು ಯಾವುದೋ ಪಠ್ಯಪುಸ್ತಕ ಹೊಡೆಯುತ್ತಿದ್ದಳು. ಅವಳಿಗಿಂತ ಅವನೇ ಎರಡು ವರ್ಷ ದೊಡ್ಡವನು, ಆದರೂ ಇಡೀ ಪ್ರೆಸ್ಸಿಗೆ ಅವಳು ಅಕ್ಕ. “ಅಕ್ಕಾ, ನಮ್ಮ ಭಾವನ ಪುಸ್ತಕ ಪೂರ್ತಿ ನೀನೇ ಅಲ್ವಾ ಟೈಪ್ ಮಾಡಿದ್ದು? ಆ ಖಜಾಂಚಿ ಇದಾನಲ್ಲ…” ಎಂದು ಮೆಲ್ಲಗೆ ತೆಗೆದ. “ಯಾವ ಖಜಾಂಚಿ?” ಎಂದಳು ಅಕ್ಕ. “ಟೈಪ್ ಮಾಡೋವಾಗ ಯಾರಾದ್ರೂ ಓದ್ತಾರಾ ಹದ್ದು? ಬೆರಳು ಅದರ ಪಾಡಿಗೆ ಅದು ಹೋಗುತ್ತೆ, ತಲೆ ಮನೇಲಿರುತ್ತೆ” ಎಂದಳು. ಪ್ರೆಸ್ಸಿನ ಯಜಮಾನರನ್ನು ಕೇಳಿದ. ಅವರು ಯುದ್ಧದ ಭಾಗ ಮಾತ್ರ ಓದಿದ್ದರಂತೆ, ಅದೂ ಮಡಚುವಾಗ ಹಾಳೆ ತಲೆಕೆಳಗಾಗಿ, ಪುಟ ಸರಿಯಿದೆಯೇ ಎಂದು ನೋಡಬೇಕಾಗಿ ಬಂದದ್ದರಿಂದ. “ಯುದ್ಧ ಜೋರಾಗಿದೆ ಕಣ್ರೀ. ಉಳಿದದ್ದು ನಂಗೆ ತಲೆಗೆ ಹತ್ತಲ್ಲ” ಎಂದು, “ನಾಲ್ಕು ಗಂಟೆ, ನೆನಪಿರಲಿ, ಆಮೇಲೆ ಮಿಷನ್ನಿಗೆ ಬೇರೆ ಕೆಲಸ ಇದೆ” ಎಂದರು. ಅಯ್ಯೋ ಶಿವನೇ, ಎಂದುಕೊಂಡ ಅವನು, ಇಷ್ಟು ಜನರ ಕೈ ದಾಟಿ ಬಂದ ಪುಸ್ತಕವನ್ನು ಭೂಮಿಯ ಮೇಲೆ ಒಬ್ಬರೂ ಓದಿಲ್ಲ. ಈ ಯೋಚನೆಯಿಂದ ಒಂದು ಕ್ಷಣ ಸಮಾಧಾನವೂ ಆಯಿತು. ಯಾರೂ ಓದದಿದ್ದರೆ ನಗುವುದು ಯಾರು? ಆದರೆ ಹೆಂಡತಿ ಓದಿದ್ದಳು. ಅವಳಂಥವರು ಭಾನುವಾರ ಹತ್ತು ಜನ ಬಂದರೆ ಸಾಕು.

ಮೂಲೆಯ ಮೇಜಿನಲ್ಲಿ ಕೂತು ಮುನ್ನೂರೊಂದನೇ ಪುಟವನ್ನು ಎದುರಿಗಿಟ್ಟುಕೊಂಡು, ಇಪ್ಪತ್ತೈದು ವರ್ಷದಲ್ಲಿ ಮೊದಲ ಬಾರಿಗೆ, ಒಂದು ಕರಡನ್ನು ಮುಂದಿನಿಂದ ಓದಿದ. ಖಜಾಂಚಿ ದರ್ಬಾರಿಗೆ ಬರುತ್ತಾನೆ. ರಾಜ ‘ಆ’ ಎನ್ನುತ್ತಾನೆ. ಖಜಾಂಚಿ ಒಂದು ಲೋಟ ನೀರು ಕೇಳಿ ಕುಡಿದು, ಮಂಡಿ ನೋವೆಂದು ಕಂಬಕ್ಕೆ ಒರಗಿ, ತಕ್ಕಡಿಯವನನ್ನು ತಾನೇ ಕೊಂದೆನೆಂದು ಹೇಳಲು ತೊಡಗುತ್ತಾನೆ. ಅಷ್ಟೇ. ಸತ್ತವನು ನೀರು ಕುಡಿಯುತ್ತಾನೆ, ಮಂಡಿ ಬೇರೆ ಉಜ್ಜಿಕೊಳ್ಳುತ್ತಾನೆ! ಇವನಿಗೆ ಖಜಾಂಚಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಸತ್ತಮೇಲೆ ಸತ್ತಹಾಗೆ ಇರಬಾರದೇ? ಹಾಗೆಂದುಕೊಂಡಾಗಲೇ ಅದು ಹೊಳೆದದ್ದು. ಪುಸ್ತಕದಲ್ಲಿ ಕುದುರೆ ಹಾರುತ್ತದೆ, ಕನ್ನಡಿ ಮಾತಾಡುತ್ತದೆ. ಅಷ್ಟೆಲ್ಲ ಆಗುವ ರಾಜ್ಯದಲ್ಲಿ ಒಂದು ದೆವ್ವ ಬಂದರೆ ಯಾರು ಬೇಡವೆನ್ನುತ್ತಾರೆ? ಖಜಾಂಚಿ ಸತ್ತಿರಲಿ, ಸತ್ತೇ ಬರಲಿ! ಒಂದು ವಾಕ್ಯ ಸಾಕು. ನೀರು ಮತ್ತು ಮಂಡಿಯ ಎರಡು ಸಾಲು ಕಿತ್ತರೆ ಅಷ್ಟೇ ಜಾಗದಲ್ಲಿ ಎರಡು ಸಾಲು ಕೂರುತ್ತದೆ, ಪುಟ ಒಂದು ಕೂದಲಿನಷ್ಟೂ ಅಲುಗುವುದಿಲ್ಲ. ಕರಡು ತಿದ್ದುವವನು ತನ್ನ ಸ್ವಂತದ ಒಂದು ಪದ ಸೇರಿಸಿದರೂ ಅದು ಕಳ್ಳತನಕ್ಕಿಂತ ಕೀಳು ಎಂದು ಅವನು ಬೇರೆಯವರಿಗೆ ಎಷ್ಟು ಸಲ ಹೇಳಿಲ್ಲ! ಹಾಗೆ ಸೇರಿಸಿದ ಒಬ್ಬನನ್ನು ಈ ಪ್ರೆಸ್ಸಿನಿಂದ ಬಿಡಿಸಿದವನೂ ಅವನೇ. ಆ ಬಡಪಾಯಿ ಹೋಗುವಾಗ, “ಒಂದು ಒಳ್ಳೇ ಪದ ಹಾಕಿದೆ ಅಷ್ಟೇ ಸಾರ್” ಎಂದಿದ್ದ. ಕೆಂಪು ಪೆನ್ನಿನ ಮುಚ್ಚಳ ತೆಗೆಯುವಾಗ ಅವನ ಕಿವಿ ಬಿಸಿಯಾಗಿತ್ತು.

ಹನ್ನೊಂದೂವರೆಗೆ ಶುರುಮಾಡಿದ್ದು ಎರಡು ಗಂಟೆಯಾದರೂ ಮುಗಿಯಲಿಲ್ಲ. ಒಂದು ವಾಕ್ಯ! ಇದನ್ನೇ ಲೇಖಕರೆಂಬುವರು ದಿನವಿಡೀ ಮಾಡುತ್ತಾರೆಯೇ ಎಂದು ಅವನಿಗೆ ಮೊದಲ ಸಲ ಅಚ್ಚರಿಯಾಯಿತು. ಬರೆದ, ಹೊಡೆದುಹಾಕಿದ, ಎದ್ದು ಕಿಟಕಿಯ ಹತ್ತಿರ ಹೋದ, ಮತ್ತೆ ಬಂದ. ಕೊನೆಗೆ ಕಾಗದದ ಮೇಲೆ ನಿಂತದ್ದು ಇದು: ‘ಸತ್ತವನಿಗೆ ಯಾರ ಹೆದರಿಕೆಯೂ ಇಲ್ಲವಾದ್ದರಿಂದ, ಖಜಾಂಚಿ ಗೋಡೆಯೊಳಗಿಂದ ಹೊರಬಂದು, ನೆಲಕ್ಕೆ ಪಾದ ತಾಗಿಸದೆ ನಿಂತು, ಬದುಕಿದ್ದಾಗ ಹೇಳಲಾಗದ ನಿಜವನ್ನು ಹೇಳತೊಡಗಿದ.’ ಓದಿದ. ಮತ್ತೆ ಓದಿದ. ಮುಂದಿನಿಂದಲೇ ಓದಿದ, ಒಂಬತ್ತು ಸಲ. ‘ನೆಲಕ್ಕೆ ಪಾದ ತಾಗಿಸದೆ’ ಎಂಬಲ್ಲಿಗೆ ಬಂದಾಗಲೆಲ್ಲ ಮೈ ಝುಂ ಎನ್ನುತ್ತಿತ್ತು. ಎಂಥ ವಾಕ್ಯ! ಇದನ್ನು ಬರೆದ ಕೈ ಇದೇನಾ ಎಂದು ಅಂಗೈ ತಿರುಗಿಸಿ ನೋಡಿಕೊಂಡ. ಮುಂದಿನ ಪುಟದಲ್ಲಿ ಕಾವಲುಗಾರರು ಖಜಾಂಚಿಗೆ ಬೇಡಿ ಹಾಕಿ ಎಳೆದೊಯ್ಯುತ್ತಾರೆ, ದೆವ್ವಕ್ಕೆ ಬೇಡಿ ಹೇಗೆ ಹಾಕುವುದು ಎಂಬ ಅನುಮಾನ ಒಂದು ಬಂತು. ಹಾರುವ ಕುದುರೆಯನ್ನು ಕಟ್ಟಿಹಾಕಿದ ರಾಜ್ಯಕ್ಕೆ ಇದೇನು ಮಹಾ ಎಂದು ಬಿಟ್ಟುಬಿಟ್ಟ. ಅಕ್ಕನಿಗೆ ಕೊಟ್ಟಾಗ ಅವಳು ಚೀಟಿ ನೋಡಿ, “ಇದು ನಿಮ್ಮ ಅಕ್ಷರ ಅಲ್ವಾ?” ಎಂದಳು. “ಭಾವ ಫೋನಿನಲ್ಲಿ ಹೇಳಿದ್ರು, ಬರ್ಕೊಂಡೆ” ಎಂದ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ ಎಂದು ಗೊತ್ತಿರಲಿಲ್ಲ. ಹೊಸ ಹಾಳೆ ಹೊರಬಂದಾಗ, ಅಚ್ಚಿನ ಅಕ್ಷರದಲ್ಲಿ ತನ್ನ ವಾಕ್ಯವನ್ನು ನೋಡಿ, ಬೀರುವಿನಲ್ಲಿಟ್ಟ ಆ ಹೆಸರು ಕೂಡ ಇದರ ಮುಂದೆ ಏನೂ ಅಲ್ಲ ಎಂದುಕೊಂಡ.

ಮೂರೂವರೆಗೆ ಭಾವ ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಹೊಸ ಪೆನ್ನು. ಅವರು ಎಂದಿನಂತೆ ಕಣ್ಣುಮುಚ್ಚಿ ಸಹಿ ಹಾಕಿ ಹೋಗುತ್ತಾರೆ ಎಂದು ಅವನು ನಂಬಿದ್ದ. ಆದರೆ ಅವರು ಕುರ್ಚಿ ಎಳೆದುಕೊಂಡು, ಕನ್ನಡಕ ಒರೆಸಿಕೊಂಡು, “ಇದು ಕೊನೇದು. ಇದೊಂದನ್ನ ಓದ್ಬಿಡ್ತೀನಿ ಕಣಯ್ಯ” ಎಂದು ಶುರುಮಾಡಿದರು. ಅವನು ಎದುರು ನಿಂತು ಬೆರಳಿನ ಶಾಯಿ ಉಜ್ಜಿಕೊಳ್ಳುತ್ತಿದ್ದ. ಅವರ ಕಣ್ಣು ಇನ್ನೂರ ತೊಂಬತ್ತಾರು ದಾಟಿತು, ಮುನ್ನೂರು ದಾಟಿತು. ಒಂದು ಮನಸ್ಸು ಅವರು ಗಮನಿಸದೆ ಹೋಗಲಪ್ಪಾ ಎಂದು ಬೇಡಿಕೊಳ್ಳುತ್ತಿತ್ತು. ಇನ್ನೊಂದು ಮನಸ್ಸು, ನಾಚಿಕೆಗೆಟ್ಟ ಮನಸ್ಸು, ಅವರು ಆ ವಾಕ್ಯದ ಹತ್ತಿರ ಒಂದು ಗಳಿಗೆ ನಿಲ್ಲಲಿ, ಆಹಾ ಎನ್ನಲಿ ಎಂದು ಕಾಯುತ್ತಿತ್ತು. ಭಾವ ನಿಂತರು. ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು. “ಮಂಡಿ ಎಲ್ಲಿ?” ಎಂದರು. “ಆಂ?” ಎಂದ ಇವನು. “ನನ್ನ ಮಂಡಿ ನೋವು ಎಲ್ಲಿ? ಎರಡು ವರ್ಷ ಅನುಭವಿಸಿ ಬರೆದ ಮಂಡಿ ನೋವು ಕಣಯ್ಯ ಅದು. ನೀರಿನ ಲೋಟ ಎಲ್ಲಿ? ಈ ಗೋಡೆ ಎಲ್ಲಿಂದ ಬಂತು? ಇವನ ಪಾದಕ್ಕೇನಾಯ್ತು?” ಅಕ್ಕ ಟೈಪು ಮಾಡುವುದನ್ನು ನಿಲ್ಲಿಸಿ, “ನೀವೇ ಫೋನಿನಲ್ಲಿ ಹೇಳಿದ್ರಂತಲ್ಲ ಸಾರ್” ಎಂದಳು. ಅವಳಿಗೆ ಕೇಡು ಮಾಡುವ ಉದ್ದೇಶವೇನೂ ಇರಲಿಲ್ಲ.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. “ನಾನೇ ಬರೆದೆ ಭಾವ” ಎಂದ. “ಖಜಾಂಚಿ ಎಂಬತ್ತೆಂಟರಲ್ಲೇ ಸತ್ತಿದ್ದ. ನೀವು ಮರೆತಿದ್ರಿ. ಜನ ನಗ್ತಾರೆ ಅಂತ…” ಭಾವ ಕನ್ನಡಕ ತೆಗೆದರು. “ಎಂಬತ್ತೆಂಟರಲ್ಲಿ ಸತ್ತ ಅಂತ ಹೇಳಿದ್ದು ಯಾರು?” “ನಿಮ್ಮ ತಂಗಿ.” “ಪುಸ್ತಕದಲ್ಲಿ ಯಾರಯ್ಯಾ ಹೇಳಿದ್ದು?” ಅವನು ಚೀಲದ ಕಡೆಗೆ ನೋಡಿದ. “ವೈದ್ಯ! ವೈದ್ಯ ಬಾಗಿಲಿಗೆ ಬಂದು ‘ಹೋದರು’ ಅಂತಾನೆ. ಸತ್ತ ಅಂತ ನಾನು ಎಲ್ಲಾದ್ರೂ ಬರೆದಿದೀನಾ? ಇನ್ನೂರ ಹನ್ನೆರಡನೇ ಪುಟ ಏನಾಯ್ತು?” ಎಂದು ಕೇಳಿ, ಅವನ ಮುಖ ನೋಡಿ, ಎದ್ದು, ಮೇಜಿನ ಪಕ್ಕದ ಚೀಲದಿಂದ ಹಾಳೆಗಳ ಕಟ್ಟನ್ನು ತೆಗೆದು ಹುಡುಕಿದರು. ಸಿಕ್ಕಿತು. ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ, ಮುದ್ರಿಸಬಹುದು, ಅವನ ಸಹಿ. “ಇದು ನಿನ್ನದೇ ಸಹಿ ಅಲ್ವಾ?” “ನನ್ನದೇ.” “ಓದಿಲ್ಲ?” ಹಿಂದಿನಿಂದ ಎಂದು ಹೇಳಲು ಅವನಿಗೆ ಈಗ ಬಾಯಿ ಬರಲಿಲ್ಲ. “ಓದಿಲ್ಲ ಭಾವ. ಒಂದು ಪುಟಾನೂ ಓದಿಲ್ಲ” ಎಂದ.

ಬೈಯುತ್ತಾರೆ ಎಂದು ಕಾದ. ಹಾಳೆಗಳನ್ನು ಎದೆಗೆ ಎಸೆದರೂ ಅವನಿಗೆ ಅಡ್ಡಿಯಿರಲಿಲ್ಲ, ಅಭ್ಯಾಸವಿತ್ತು. ಭಾವ ಬೈಯಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಮುಖ ಸಣ್ಣದಾಗಿತ್ತು. “ನಿಮ್ಮಕ್ಕ ಹತ್ತು ಪುಟ ಓದಿ ಕಣ್ಣು ಉರಿಯುತ್ತೆ ಅಂದ್ಲು” ಎಂದರು. ನಿಮ್ಮಕ್ಕ ಎಂದರೆ ಅವರ ಹೆಂಡತಿ. “ಮಗ, ಆಮೇಲೆ ಓದ್ತೀನಪ್ಪಾ ಅಂದ, ನಾಲ್ಕು ವರ್ಷ ಆಯ್ತು. ಆಫೀಸಿನ ಹಳೇ ಗೆಳೆಯರು ನಾನು ಬರೋದು ಕಂಡ್ರೆ ಬೇರೆ ರಸ್ತೆ ಹಿಡೀತಾರೆ. ಪರವಾಗಿಲ್ಲ ಅಂದ್ಕೊಂಡೆ. ನೀನೊಬ್ಬ ಓದ್ತಾ ಇದೀಯ, ಒಂದೊಂದು ಅಕ್ಷರಾನೂ ಓದ್ತಾ ಇದೀಯ ಅಂತ, ಈ ಐದು ತಿಂಗಳು ಎಷ್ಟು ನೆಮ್ಮದಿಯಾಗಿ ನಿದ್ದೆ ಮಾಡಿದೆ ಗೊತ್ತೇನಯ್ಯಾ? ಭಾನುವಾರ ಬರ್ತಿದ್ದೆನಲ್ಲ, ಚೆನ್ನಾಗಿದೆಯಾ ಅಂತ ಕೇಳ್ಬೇಕು ಅಂತಾನೇ ಬರ್ತಿದ್ದೆ. ಕೇಳೋಕೆ ಧೈರ್ಯ ಆಗ್ತಿರ್ಲಿಲ್ಲ.” ಇವನಿಗೆ ಅಳು ಬಂತು. ತನ್ನ ಹೆಸರು, ತನ್ನ ಕಣ್ಣು, ತನ್ನ ವಾಕ್ಯ ಎಂದು ಬೆಳಗಿನಿಂದ ಒದ್ದಾಡಿದ್ದಕ್ಕೆ ನಾಚಿಕೆಯಾಗಿ, ಎಲ್ಲಾದರೂ ಅವಿತುಕೊಳ್ಳೋಣವೆಂದರೆ ಆ ಕೋಣೆಯಲ್ಲಿ ಮೇಜಿನ ಕೆಳಗೂ ಕಾಗದದ ಕಟ್ಟುಗಳೇ ತುಂಬಿದ್ದವು. ಭಾವ ಹೊಸ ಪೆನ್ನು ತೆಗೆದು ಅವನ ವಾಕ್ಯದ ಮೇಲೆ ಒಂದು ಗೆರೆ ಎಳೆದರು, ನಿಧಾನವಾಗಿ, ನೆಟ್ಟಗೆ. ಪಕ್ಕದಲ್ಲಿ ನೀರು, ಮಂಡಿ ಎರಡನ್ನೂ ಮತ್ತೆ ಬರೆದರು. “ವಾಕ್ಯ ಚೆನ್ನಾಗೇ ಇದೆ. ಆದ್ರೆ ನಂದಲ್ಲ” ಎಂದರು. ಆ ಗೆರೆಯನ್ನು ನೋಡಿ, ಇಂಥ ಹೊತ್ತಿನಲ್ಲೂ, ಅವನು ಅದರಡಿಯ ‘ನೆಲಕ್ಕೆ ಪಾದ ತಾಗಿಸದೆ’ ಎಂಬುದನ್ನು ಇನ್ನೊಮ್ಮೆ ಓದಿಕೊಂಡ.

ಅವನು ಇನ್ನೂರ ಹನ್ನೆರಡನೇ ಪುಟವನ್ನು ಕೈಗೆ ತೆಗೆದುಕೊಂಡು ಕೂತ. ಯಾರೂ ಹೇಳಿರಲಿಲ್ಲ, ಇನ್ನೇನು ಮಾಡಬೇಕೆಂದು ತೋಚದೆ ಕೂತ. ಕಣ್ಣು ಅಭ್ಯಾಸದಂತೆ ಪುಟದ ತಳಕ್ಕೆ ಹಾರಿತು. ಎಡಗೈಯನ್ನು ಅಡ್ಡವಾಗಿಟ್ಟು ಕೆಳಗಿನ ಸಾಲುಗಳನ್ನು ಮುಚ್ಚಿ, ಮೇಲಿನಿಂದ ಒಂದೊಂದೇ ಸಾಲು ಓದತೊಡಗಿದ. ಕನ್ನಡಿ ಮಾತಾಡುತ್ತಿತ್ತು. ತಾನು ಎಂಥ ಕುಲದ ಕನ್ನಡಿ, ತನ್ನ ಚೌಕಟ್ಟಿನ ತೂಕವೆಷ್ಟು, ತನ್ನಲ್ಲಿ ಯಾವ ಯಾವ ರಾಣಿಯರು ಮುಖ ನೋಡಿಕೊಂಡರು ಎಂದು ಮುಕ್ಕಾಲು ಪುಟ ಕೊಚ್ಚಿಕೊಂಡಿತು. ಥೂ, ಇದಕ್ಕೇ ಅವಳು ಬಿಟ್ಟದ್ದು, ಎಂದುಕೊಂಡ, ಯಾರಾದರೂ ಬಿಡುವಂಥದೇ. ಕೈಯನ್ನು ಕೆಳಗೆ ಸರಿಸಿದ. ‘ಆ ದಿನ ವೈದ್ಯ ನನ್ನನ್ನು ಖಜಾಂಚಿಯ ಮೂಗಿನ ಮುಂದೆ ಹಿಡಿದ’ ಎಂದಿತು ಕನ್ನಡಿ. ‘ನಾನು ಮಸುಕಾದೆ. ವೈದ್ಯ ನನ್ನನ್ನು ಅಂಗಿಯ ತೋಳಿನಿಂದ ಒರೆಸಿ ಜೇಬಿಗೆ ಹಾಕಿಕೊಂಡು, ಬಾಗಿಲಿಗೆ ಹೋಗಿ, ಹೋದರು ಎಂದ.’ ಅವನು ಆ ಸಾಲನ್ನು ಮತ್ತೊಮ್ಮೆ ಓದಿದ. ಮಸುಕಾಯಿತು. ಅಂದರೆ ಉಸಿರಿತ್ತು! ಹಾಗಾದರೆ ಶವಪೆಟ್ಟಿಗೆಯಲ್ಲಿ ಏನಿತ್ತು? ಕೈ ಇನ್ನೂ ಕೆಳಗೆ ಸರಿಯಿತು. ಮರಳು. ಎಷ್ಟೇ ಲೆಕ್ಕ ಹಾಕಿ ತುಂಬಿದ್ದರೂ ಖಜಾಂಚಿಗಿಂತ ಒಂದೂವರೆ ಸೇರು ಹೆಚ್ಚಾಗಿದ್ದ ಮರಳು. ಪೆಟ್ಟಿಗೆಗೆ ಹೆಗಲು ಕೊಟ್ಟ ನಾಲ್ವರಲ್ಲಿ ಹಿಂದಿನ ಎಡಗಡೆಯವನು ರಾಜನ ತಕ್ಕಡಿಯವನು. ಒಂದೂವರೆ ಸೇರು ಹೆಚ್ಚಾದರೆ ಅವನ ಹೆಗಲಿಗೆ ಗೊತ್ತಾಗದೆ ಇರುತ್ತದೆಯೇ? “ಅಯ್ಯಯ್ಯೋ!” ಎಂದು ಅವನು ಕೂಗಿಯೇಬಿಟ್ಟ. “ಅದಕ್ಕೇ ಅವನನ್ನ ಕೊಂದದ್ದು! ಮೂರು ಪುಟ ಹೆಣ ಹೊತ್ತದ್ದು ಅದಕ್ಕಾ ಭಾವ?” ಮೈ ಮೇಲೆಲ್ಲ ಮುಳ್ಳು ಎದ್ದಿತ್ತು. ಭಾವ ಕುರ್ಚಿಯ ತುದಿಗೆ ಬಂದಿದ್ದರು. “ಇನ್ನೂ ಇದೆ ಕಣಯ್ಯ. ಆ ವೈದ್ಯ ಯಾರು ಗೊತ್ತಾ, ಅವನು ನಿಜವಾಗಿ…” ಎಂದು ಶುರುಮಾಡಿದರು.

“ಹೇಳ್ಬೇಡಿ!” ಎಂದು ಅವನು ಗದರಿಬಿಟ್ಟ. ಹನ್ನೆರಡು ವರ್ಷ ದೊಡ್ಡವರಾದ ಭಾವನನ್ನು ಹೀಗೆ ಗದರಿದ್ದು ಇದೇ ಮೊದಲು, ಅದೂ ಅವನ ಗಮನಕ್ಕೆ ಬರಲಿಲ್ಲ. ಇನ್ನೂರ ಹದಿಮೂರನೇ ಪುಟಕ್ಕಾಗಿ ಕಟ್ಟಿನಲ್ಲಿ ತಡಕಾಡಿ, ಎಳೆದುಕೊಂಡು, ಮೊಣಕೈ ಊರಿ, ತಲೆ ಬಗ್ಗಿಸಿದ. ಭಾವ ತೆರೆದ ಬಾಯಿಯನ್ನು ಮುಚ್ಚಿಕೊಂಡರು. ಗೋಡೆಯ ಗಡಿಯಾರದಲ್ಲಿ ನಾಲ್ಕು ಹೊಡೆದು ಐದು ನಿಮಿಷವಾಗಿತ್ತು; ಯಜಮಾನರು ಕೈ ಒರೆಸಿಕೊಳ್ಳುತ್ತಾ ಒಳಗೆ ನುಗ್ಗಿ, “ಏನ್ರೀ ಇದು, ಸಹಿ ಆಯ್ತಾ ಇಲ್ವಾ? ಮಿಷನ್ನು ಸುಮ್ನೆ ತಿರುಗ್ತಾ ಇದೆ ಅಲ್ಲಿ!” ಎಂದು ದೊಡ್ಡ ದನಿ ತೆಗೆದರು. ಭಾವ ತಿರುಗಿ ತುಟಿಯ ಮೇಲೆ ಬೆರಳಿಟ್ಟರು.

“ಮೆತ್ತಗೆ ಮಾತಾಡಿ,” ಎಂದರು. “ಓದ್ತಾ ಇದ್ದಾನೆ.”